ಕಾಗದದ ಹಿಂದೆ ಬಲ್ಬು ಇಲ್ಲ

ಮೈಸೂರಿಗೆ ಶಾಲಾ ಪ್ರವಾಸ ಹೋಗಿ ಬಂದವರಲ್ಲಿ ಬಹಳ ಮಂದಿಗೆ ಜಗನ್ಮೋಹನ ಅರಮನೆಯ ಆ ಕತ್ತಲ ಮೂಲೆ ನೆನಪಿರುತ್ತದೆ. ಬೆಳಿಗ್ಗೆ ಮೃಗಾಲಯ ಸುತ್ತಿ ಕಾಲು ಸೋತಿರುತ್ತದೆ. ಸಾಲು ಬಿಡಬೇಡಿ, ಗಾಜು ಮುಟ್ಟಬೇಡಿ ಎಂದು ಮೇಷ್ಟ್ರು ಗದರುತ್ತಿರುತ್ತಾರೆ. ಗಡಿಯಾರ, ದಂತದ ಕೆತ್ತನೆ, ರಾಜರ ಭಾವಚಿತ್ರ ಎಲ್ಲವನ್ನೂ ಓಡುನಡಿಗೆಯಲ್ಲಿ ನೋಡಿ ಮುಗಿಸಿದ ಮಕ್ಕಳು ಇಲ್ಲಿಗೆ ಬಂದಾಗ ಮಾತ್ರ ತಾವಾಗಿಯೇ ಸುಮ್ಮನಾಗುತ್ತಾರೆ. ಎದುರಿಗೆ ಸೀರೆಯುಟ್ಟ ಒಬ್ಬ ಹೆಣ್ಣುಮಗಳು ದೀಪ ಹಿಡಿದು ನಿಂತಿದ್ದಾಳೆ. ಒಂದು ಕೈಯಲ್ಲಿ ದೀಪ, ಗಾಳಿಗೆ ಆರದಂತೆ ಅಡ್ಡ ಹಿಡಿದ ಇನ್ನೊಂದು ಕೈ. ಆ ಬೆರಳುಗಳ ಸಂದಿಯಿಂದ ಕೆಂಪಗೆ ಬೆಳಕು ಸೋರುತ್ತಿದೆ.

ನಮ್ಮ ಸಾಲಿನಲ್ಲಿದ್ದ ಹುಡುಗನೊಬ್ಬ ಚೌಕಟ್ಟಿನ ಪಕ್ಕಕ್ಕೆ ಕತ್ತು ಚಾಚಿ ನೋಡಿ, ‘ಬಲ್ಬು ಎಲ್ಲಿಟ್ಟಿದ್ದಾರೆ ಸಾರ್?’ ಎಂದು ಕೇಳಿದ್ದ. ಮೇಷ್ಟ್ರು ನಕ್ಕರು. ‘ರವಿವರ್ಮ ಬರೆದಿರೋದು ಕಣೋ. ಅವನಿಗೆ ಬಲ್ಬು ಯಾತಕ್ಕೆ?’

ಆ ಉತ್ತರದಲ್ಲಿ ಅರ್ಧ ಸರಿ, ಅರ್ಧ ತಪ್ಪು. ಬಲ್ಬು ಇಲ್ಲ ಎಂಬುದು ನಿಜ. ಆದರೆ ಚಿತ್ರ ರವಿವರ್ಮನದಲ್ಲ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಹುಟ್ಟಿದ್ದು ಅದಾಗಿ ನಲವತ್ತು ವರ್ಷಕ್ಕೆ, 1945-46ರಲ್ಲಿ. ಬರೆದವರು ಸಾವಂತವಾಡಿಯಲ್ಲಿ ಹುಟ್ಟಿ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಸಾವಳಾರಾಮ ಲಕ್ಷ್ಮಣ ಹಳದಣಕರ್ (1882-1968). ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ದೀಪಾವಳಿಯ ಹೊತ್ತಿನಲ್ಲಿ ಮಗಳು ದೀಪ ಹಿಡಿದಿದ್ದನ್ನು ಕಂಡು ತಂದೆಗೆ ಈ ಚಿತ್ರ ಹೊಳೆಯಿತಂತೆ. ಗೀತಾ ಉಪಳೇಕರ್ 102 ವರ್ಷ ಬಾಳಿ 2018ರಲ್ಲಿ ತೀರಿಕೊಂಡರು. ಅದೇ ಅರಮನೆಯ ಗೋಡೆಗಳ ಮೇಲೆ ರವಿವರ್ಮನ ಚಿತ್ರಗಳೂ ಇರುವುದರಿಂದ ಜನ ಇದನ್ನೂ ಅವನ ಲೆಕ್ಕಕ್ಕೇ ಬರೆದುಬಿಟ್ಟರು. ಒಳ್ಳೆಯ ಚಿತ್ರ ಬರೆದವನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಏನಿದ್ದೀತು!

ಇನ್ನೂ ಒಂದು ಸಂಗತಿ ಇದೆ. ರವಿವರ್ಮನ ಮೈಸೂರು ಚಿತ್ರಗಳು ಕ್ಯಾನ್ವಾಸಿನ ಮೇಲಿನ ತೈಲವರ್ಣ. ಇದು ಕಾಗದದ ಮೇಲಿನ ಜಲವರ್ಣ. ತೈಲವರ್ಣದಲ್ಲಿ ಕೈ ತಪ್ಪಿದರೆ ಕೆರೆದು ಮೇಲೆ ಇನ್ನೊಂದು ಪದರ ಬಳಿಯಬಹುದು. ಕತ್ತಲೆಯನ್ನು ಮೊದಲು ಬಳಿದು ಬೆಳಕನ್ನು ಕೊನೆಗೆ ಇಡಬಹುದು. ತಿಳಿಯಾದ ಜಲವರ್ಣದಲ್ಲಿ ಅದು ಸಾಧ್ಯವಿಲ್ಲ. ಅಲ್ಲಿ ಬಿಳಿ ಎಂದರೆ ಕಾಗದವೇ. ಎಲ್ಲಿ ಬೆಳಕು ಬೇಕೋ ಅಲ್ಲಿ ಬಣ್ಣ ತಾಗದಂತೆ ಕಾಗದವನ್ನು ಉಳಿಸಿಕೊಳ್ಳಬೇಕು. ಒಮ್ಮೆ ಕಪ್ಪಾದ ಜಾಗವನ್ನು ಮತ್ತೆ ಹಾಗೆಯೇ ಬೆಳ್ಳಗೆ ಮಾಡಲಾಗದು. ಅಂದರೆ ಆ ಹುಡುಗ ಹುಡುಕಿದ ಬಲ್ಬು ಇದ್ದದ್ದು ಚಿತ್ರದ ಹಿಂದೆ ಅಲ್ಲ. ಬಣ್ಣ ಹೆಚ್ಚು ಬೀಳದೆ ಉಳಿದ ಜಾಗದಲ್ಲಿ.

ಬರಿಯ ಕಾಗದ ಉರಿಯುವುದು ಹೇಗೆ?

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಒಳ್ಳೆಯ ಬಿಳಿ ಕಾಗದ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80 ಭಾಗದಷ್ಟನ್ನು ವಾಪಸು ಕೊಡುತ್ತದೆ. ಕಪ್ಪು ಬಣ್ಣ ಸುಮಾರು ನಾಲ್ಕು ಭಾಗವನ್ನು ಕೊಡುತ್ತದೆ. ಎರಡಕ್ಕೂ ನಡುವಿನ ಅಂತರ ಇಪ್ಪತ್ತು ಪಟ್ಟಿನ ಆಸುಪಾಸು. ಚಿತ್ರಕಾರನ ಕೈಯಲ್ಲಿರುವ ಬಂಡವಾಳ ಇಷ್ಟೇ. ನಿಜವಾದ ಕತ್ತಲ ಕೋಣೆಯಲ್ಲಿ ನಿಜವಾದ ದೀಪದ ಕುಡಿಗೂ ಮೂಲೆಯ ಕತ್ತಲೆಗೂ ಇರುವ ಅಂತರ ಸಾವಿರಾರು ಪಟ್ಟು. ಇಪ್ಪತ್ತು ರೂಪಾಯಿ ಇಟ್ಟುಕೊಂಡು ಸಾವಿರ ರೂಪಾಯಿಯ ಸಂತೆ ಮಾಡಬೇಕು.

ಹಾಗಾಗಿ ಚಿತ್ರಕಾರ ಲೆಕ್ಕದಲ್ಲಿ ಮೋಸ ಮಾಡುತ್ತಾನೆ. ಬೆಳಕನ್ನು ಹೆಚ್ಚಿಸಲು ಅವನಿಂದ ಆಗದು. ಕಾಗದಕ್ಕಿಂತ ಬೆಳ್ಳಗಿನದು ಅವನ ಬಳಿ ಇಲ್ಲ. ಆದ್ದರಿಂದ ಉಳಿದದ್ದನ್ನೆಲ್ಲ ತಗ್ಗಿಸುತ್ತಾನೆ. ಹಿನ್ನೆಲೆಯನ್ನು ಕತ್ತಲಲ್ಲಿ ಮುಳುಗಿಸುತ್ತಾನೆ. ಸೀರೆಯ ನೆರಿಗೆಗಳನ್ನು ದೀಪದಿಂದ ದೂರ ಹೋದಂತೆಲ್ಲ ಮಂಕಾಗಿಸುತ್ತಾನೆ. ಕೆನ್ನೆಯ ಮೇಲೆ, ಮೂಗಿನ ತುದಿಯಲ್ಲಿ ಮಾತ್ರ ಒಂದಿಷ್ಟು ಹೊಂಬಣ್ಣ ಉಳಿಸುತ್ತಾನೆ. ನಮ್ಮ ಕಣ್ಣು ಬೆಳಕನ್ನು ಅಳೆಯುವ ಯಂತ್ರವಲ್ಲ. ಪಕ್ಕದಲ್ಲಿರುವುದಕ್ಕೆ ಹೋಲಿಸಿ ನೋಡುವುದೇ ಅದರ ಅಭ್ಯಾಸ. ಸುತ್ತಲೂ ಕತ್ತಲು ಕವಿದಾಗ ನಡುವೆ ಉಳಿದ ಕಾಗದ ಅದಕ್ಕೆ ಉರಿಯುವಂತೆ ಕಾಣುತ್ತದೆ. ಚಿತ್ರವನ್ನು ಮಬ್ಬುಗತ್ತಲಲ್ಲಿ ತೂಗುಹಾಕಿದರೆ ಈ ಮೋಸಕ್ಕೆ ಇನ್ನಷ್ಟು ಬಲ ಬರುತ್ತದೆ.

ಬೆರಳ ಸಂದಿಯ ಕೆಂಪು ಇದಕ್ಕಿಂತ ಜಾಣತನದ್ದು. ಕರೆಂಟು ಹೋದ ರಾತ್ರಿ ಟಾರ್ಚಿನ ಮೇಲೆ ಅಂಗೈ ಮುಚ್ಚಿ ಆಡಿದವರಿಗೆಲ್ಲ ಗೊತ್ತು, ಬೆಳಕು ಬೆರಳಿನ ಅಂಚನ್ನು ಹಾದು ಬಂದಾಗ ಚರ್ಮ ಕೆಂಡದಂತೆ ಕೆಂಪಗಾಗುತ್ತದೆ. ಆ ಕೆಂಪು ಕಂಡೊಡನೆ, ಕೈ ಕಾಗದದ ಮೇಲಿನ ಗೆರೆ ಎಂಬುದನ್ನು ನಾವು ಮರೆಯುತ್ತೇವೆ. ಅದಕ್ಕೆ ದಪ್ಪ ಬಂತು, ಒಳಗೆ ರಕ್ತ ಬಂತು, ಆಚೆಗೊಂದು ದೀಪ ಬಂತು.

ನಿಂಬೆಹಣ್ಣಿನ ಪಾಠ

ಮನೆಯಲ್ಲೇ ಪರೀಕ್ಷಿಸಬಹುದು. ರಾತ್ರಿ ಒಂದೇ ದೀಪ ಹಾಕಿ, ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಅದರ ಮೇಲೊಂದು ನಿಂಬೆಹಣ್ಣು ಇಡಿ. ದೀಪದ ಕಡೆಯ ಕೆನ್ನೆಯಲ್ಲಿ ಒಂದು ಪುಟ್ಟ ಹೊಳಪು ಕಾಣುತ್ತದೆ. ಅಲ್ಲಿಂದ ಹಳದಿ ಮೆಲ್ಲಗೆ ಮಾಗಿ, ಹಿಂಬದಿಗೆ ತಿರುಗುವಲ್ಲಿ ಕಂದಾಗುತ್ತದೆ. ಮೇಜಿನ ಮೇಲೆ ನೆರಳು ಚಾಚಿಕೊಂಡಿರುತ್ತದೆ. ಇಷ್ಟನ್ನು ಯಾರಾದರೂ ಗುರುತಿಸುತ್ತಾರೆ. ಹೊಸದಾಗಿ ಚಿತ್ರ ಕಲಿಯುವವರ ಕಣ್ಣಿಗೆ ಬೀಳದೆ ಹೋಗುವುದು ಇನ್ನೊಂದು. ಹಣ್ಣಿನ ಅತಿ ಕಪ್ಪಾದ ಭಾಗ ಅದರ ಕೊನೆಯ ಅಂಚಿನಲ್ಲಿ ಇರುವುದಿಲ್ಲ, ಅಂಚಿಗಿಂತ ಸ್ವಲ್ಪ ಒಳಗಿರುತ್ತದೆ. ತೀರಾ ಅಂಚಿನಲ್ಲಿ ಕಾಗದದಿಂದ ಪುಟಿದ ಬೆಳಕು ತಾಗಿ ಮತ್ತೆ ಒಂದು ನಸುಬೆಳಕಿನ ಎಳೆ ಕಾಣುತ್ತದೆ. ಆ ಎಳೆಯನ್ನು ಬಿಟ್ಟು ಬರೆದರೆ ಹಣ್ಣು ಕತ್ತರಿಸಿಟ್ಟ ಹೋಳಿನಂತೆ ಕಾಣುತ್ತದೆ; ಸೇರಿಸಿದರೆ ಅದರ ಹಿಂದೆಯೂ ಮೈ ಇದೆ ಎನಿಸುತ್ತದೆ.

ಕೆಳಗೆ ಬಿದ್ದ ನೆರಳಿನದು ಬೇರೆಯೇ ಕೆಲಸ. ನೆರಳು ಹಣ್ಣಿಗೆ ಅಂಟಿಕೊಂಡಿದ್ದರೆ ಹಣ್ಣು ಮೇಜಿನ ಮೇಲೆ ಕೂತಿದೆ. ಅದೇ ಹಣ್ಣನ್ನು ಬರೆದು ನೆರಳನ್ನು ಬೆರಳಗಲ ಕೆಳಗೆ ಸರಿಸಿ ಬರೆಯಿರಿ, ಹಣ್ಣು ಗಾಳಿಯಲ್ಲಿ ತೇಲುತ್ತದೆ. ಹಣ್ಣಿನ ಒಂದು ಗೆರೆಯನ್ನೂ ಮುಟ್ಟಿರುವುದಿಲ್ಲ!

ಈ ಮೋಸಕ್ಕೆ ನಮ್ಮ ಮಿದುಳೂ ಕೈಜೋಡಿಸುತ್ತದೆ. ಹೊಯ್ಸಳ ಗುಡಿಯ ಉಬ್ಬುಕೆತ್ತನೆಯ ಫೋಟೋ ಒಂದನ್ನು ತಲೆಕೆಳಗು ಮಾಡಿ ನೋಡಿ. ಉಬ್ಬಿದ್ದದ್ದು ಎಷ್ಟೋ ಸಲ ಕುಳಿಯಾಗಿ ಕಾಣುತ್ತದೆ. ಬೆಳಕು ಯಾವಾಗಲೂ ಮೇಲಿನಿಂದಲೇ ಬರುತ್ತದೆ ಎಂದು ಮಿದುಳು ಮೊದಲೇ ನಂಬಿಕೊಂಡಿರುತ್ತದೆ. ಲಕ್ಷಾಂತರ ವರ್ಷ ಒಬ್ಬನೇ ಸೂರ್ಯನ ಕೆಳಗೆ ಬಾಳಿದ ಜೀವಿಗೆ ಅದು ಸಹಜ. ಮೇಲ್ಭಾಗ ಬೆಳ್ಳಗೆ, ಕೆಳಭಾಗ ಕಪ್ಪಗೆ ಇದ್ದರೆ ಉಬ್ಬು. ತಿರುಗುಮುರುಗಾದರೆ ತಗ್ಗು. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1988ರಲ್ಲಿ ಬರಿಯ ಬಿಳಿ-ಕಪ್ಪು ಬಿಲ್ಲೆಗಳನ್ನು ತೋರಿಸಿ ಇದನ್ನು ವಿವರಿಸಿದರು.

ರಾಮಚಂದ್ರನ್ ಹೇಳುವ ಮೊದಲೇ ನಮ್ಮ ಅಂಗಡಿ ಬೋರ್ಡು ಬರೆಯುವವರಿಗೆ ಇದು ಕೈಗೆ ಗೊತ್ತಿತ್ತು. ಕಿರಾಣಿ ಅಂಗಡಿಯ ಹೆಸರನ್ನು ಹಳದಿಯಲ್ಲಿ ಬರೆದು, ಪ್ರತಿ ಅಕ್ಷರದ ಬಲಕ್ಕೆ ಮತ್ತು ಕೆಳಕ್ಕೆ ಒಂದೇ ಅಳತೆಯ ಕಪ್ಪು ಶೇಡ್ ಕೊಡುತ್ತಾರೆ. ತಗಡಿನ ಮೇಲಿನ ಅಕ್ಷರ ಬೆರಳಗಲ ಮುಂದೆ ಬಂದು ನಿಲ್ಲುತ್ತದೆ. ಕನ್ನಡದ ದುಂಡು ಅಕ್ಷರಗಳಿಗೆ ಶೇಡ್ ಕೊಡುವುದು ಸುಲಭವಲ್ಲ. ‘ಣ’, ‘ಖ’ಗಳ ಒಳಸುತ್ತುಗಳಲ್ಲಿ ನೆರಳು ಎಲ್ಲಿ ಬೀಳುತ್ತದೆ, ಎಲ್ಲಿ ಬೀಳಬಾರದು ಎಂಬುದು ಅಭ್ಯಾಸವಿಲ್ಲದವರಿಗೆ ಹೊಳೆಯದು. ಕಂಪ್ಯೂಟರಿನವರು ಮಾಡಿದ್ದೂ ಇದನ್ನೇ. 1995ರ ವಿಂಡೋಸ್‌ನಲ್ಲಿ ಪ್ರತಿ ಗುಂಡಿಯ ಮೇಲಂಚು, ಎಡಅಂಚಿಗೆ ಬಿಳಿ ಗೆರೆ. ಕೆಳಅಂಚು, ಬಲಅಂಚಿಗೆ ಕಪ್ಪು ಗೆರೆ. ಒತ್ತಿದಾಗ ಗೆರೆಗಳು ಅದಲುಬದಲಾಗುತ್ತಿದ್ದವು, ಗುಂಡಿ ಒಳಗೆ ಹೋದಂತೆ ಕಾಣುತ್ತಿತ್ತು. ಗಾಜು ಇದ್ದಲ್ಲೇ ಇತ್ತು. 2013ರಲ್ಲಿ ಆಪಲ್ ಕಂಪನಿ ತನ್ನ ಫೋನುಗಳಲ್ಲಿ ಈ ಉಬ್ಬು-ತಗ್ಗನ್ನು ಬಹುಮಟ್ಟಿಗೆ ಕಿತ್ತುಹಾಕಿ ಚಪ್ಪಟೆ ಚಿತ್ರಗಳನ್ನು ತಂದಾಗ ಕೆಲವರಿಗೆ ಎಲ್ಲಿ ಒತ್ತಬೇಕೆಂದೇ ತೋಚಲಿಲ್ಲ.

ಮತ್ತೆ ದೀಪದ ಹುಡುಗಿಯನ್ನು ನೋಡಿ. ಅವಳ ದೀಪ ಇರುವುದು ಮುಖಕ್ಕಿಂತ ಕೆಳಗೆ. ಗಲ್ಲದ ಕೆಳಗೆ ಟಾರ್ಚು ಹಿಡಿದು ತಂಗಿಯನ್ನು ಹೆದರಿಸುವ ಆಟದಲ್ಲಿ ಇರುವ ಬೆಳಕೂ ಇದೇ ದಿಕ್ಕಿನದು. ಆದರೂ ಇಲ್ಲಿ ಭೂತ ಕಾಣುವುದಿಲ್ಲ, ಏಕೆಂದರೆ ಹಳದಣಕರ್ ದೀಪವನ್ನು ನಮ್ಮ ಕಣ್ಣೆದುರಿಗೇ ಇಟ್ಟಿದ್ದಾರೆ. ಬೆಳಕು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಚಿತ್ರವೇ ಉತ್ತರ ಕೊಡುತ್ತದೆ.

ಒಂಟಿಕಣ್ಣಿನ ದಾರಿ

ಇಷ್ಟು ಹೊತ್ತು ಹೇಳಿದ್ದು ವಸ್ತುವಿಗೆ ಮೈ ಬರುವ ಬಗೆ. ಜಾಗಕ್ಕೆ ಆಳ ಬರುವುದು ಬೇರೆ ಲೆಕ್ಕ. ರೈಲುಹಳಿಗಳು ದೂರದಲ್ಲಿ ಕೂಡಿಕೊಂಡಂತೆ ಕಾಣುವುದನ್ನು ಎಲ್ಲರೂ ನೋಡಿದ್ದೇವೆ. ಅದನ್ನು ಗೆರೆ ಎಳೆದು ಅಳತೆಗೆ ತಂದವರು ಇಟಲಿಯ ಫ್ಲಾರೆನ್ಸ್ ಊರಿನವರು. ಕಟ್ಟಡ ಕಟ್ಟುವ ಬ್ರೂನೆಲೆಸ್ಕಿ ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿನ ದೊಡ್ಡ ಚರ್ಚಿನ ಬಾಗಿಲಲ್ಲಿ ನಿಂತು, ಎದುರಿನ ಎಂಟು ಮೂಲೆಯ ದೀಕ್ಷಾಮಂದಿರವನ್ನು ಪುಟ್ಟ ಹಲಗೆಯ ಮೇಲೆ ಬರೆದ. ಹಲಗೆಗೆ ಒಂದು ತೂತು ಕೊರೆದ. ನೋಡುವವನು ಹಲಗೆಯ ಹಿಂಬದಿಯಿಂದ ತೂತಿಗೆ ಒಂದು ಕಣ್ಣಿಟ್ಟು, ಎದುರಿಗೆ ಕನ್ನಡಿ ಹಿಡಿದು, ಅದರಲ್ಲಿ ಚಿತ್ರದ ಬಿಂಬವನ್ನು ನೋಡಬೇಕು. ಕನ್ನಡಿ ತೆಗೆದರೆ ನಿಜವಾದ ಕಟ್ಟಡ, ಹಿಡಿದರೆ ಬರೆದದ್ದು. ಎರಡೂ ಒಂದೇ ಎಂದು ಜನ ಬೆರಗಾದರು. 1435ರಲ್ಲಿ ಆಲ್ಬೆರ್ಟಿ ಎಂಬ ವಿದ್ವಾಂಸ ಇದರ ನಿಯಮಗಳನ್ನು ಪುಸ್ತಕದಲ್ಲಿ ಬರೆದಿಟ್ಟ.

ಈ ಕತೆಯಲ್ಲಿ ಒಂದು ಸಣ್ಣ ವಿವರ ನನಗೆ ಬಹಳ ಇಷ್ಟ. ಬ್ರೂನೆಲೆಸ್ಕಿ ಕಟ್ಟಡವನ್ನೆಲ್ಲ ಬಣ್ಣದಲ್ಲಿ ಬರೆದ, ಆಕಾಶವನ್ನು ಮಾತ್ರ ಬರೆಯಲಿಲ್ಲ. ಆ ಜಾಗಕ್ಕೆ ಉಜ್ಜಿ ಹೊಳಪು ತಂದ ಬೆಳ್ಳಿ ಹಾಕಿದ, ಊರಿನ ನಿಜವಾದ ಮೋಡಗಳು ಅದರಲ್ಲಿ ತೇಲಲಿ ಎಂದು. ಆಳವನ್ನು ಅಳೆದು ಕೊಟ್ಟವನೇ ಬೆಳಕಿನ ವಿಷಯ ಬಂದಾಗ ಹೊರಗಿನಿಂದ ಕಡ ತಂದ! ಇದನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಮೈಸೂರಿಗೆ ಮರಳಿದಾಗ ಬೇಕಾಗುತ್ತದೆ.

ಈ ವಿದ್ಯೆಗೆ ಒಂದು ಷರತ್ತು ಇದೆ. ನೋಡುವವನು ಹೇಳಿದ ಜಾಗದಲ್ಲೇ ನಿಲ್ಲಬೇಕು. ರೋಮಿನ ಸಂತ ಇಗ್ನೇಷಿಯಸ್ ಚರ್ಚಿನಲ್ಲಿ ಗೋಪುರದ ಗುಮ್ಮಟ ಕಟ್ಟುವ ಬದಲು, ಆಂಡ್ರಿಯಾ ಪೋಟ್ಸೊ ಎಂಬ ಚಿತ್ರಕಾರ 1685ರಲ್ಲಿ ಚಪ್ಪಟೆ ಕ್ಯಾನ್ವಾಸಿನ ಮೇಲೆ ಗುಮ್ಮಟವನ್ನು ಬರೆದುಕೊಟ್ಟ. ಎಲ್ಲಿ ನಿಂತು ನೋಡಬೇಕು ಎಂಬುದಕ್ಕೆ ನೆಲದಲ್ಲಿ ಅಮೃತಶಿಲೆಯ ಬಿಲ್ಲೆಯ ಗುರುತಿದೆ. ಅಲ್ಲಿಂದ ಆಚೆ ಹೋದಂತೆ ಗುಮ್ಮಟ ಸೊಟ್ಟಗಾಗುತ್ತದೆ.

ನಮ್ಮ ಕಂಪನಿ ನಾಟಕಗಳ ಪರದೆಗಳಿಗೂ ಇದೇ ಕಷ್ಟ. ಪಾರಸಿ ನಾಟಕಗಳ ಮೂಲಕ ಬಂದ ಬೀದಿಯ ಪರದೆ, ಅರಮನೆಯ ಪರದೆ, ಕಾಡಿನ ಪರದೆಗಳು ಗುಬ್ಬಿ ಕಂಪನಿಯಂಥ ನಾಟಕ ಮಂಡಲಿಗಳಲ್ಲಿ ಪಾತ್ರಗಳಷ್ಟೇ ಹೆಸರು ಮಾಡಿದವು. ಬೀದಿಯ ಪರದೆಯಲ್ಲಿ ಎರಡು ಸಾಲು ಮನೆಗಳು ಕಿರಿದಾಗುತ್ತಾ ದೂರ ಹೋಗುತ್ತವೆ. ಮುಂದಿನ ಸಾಲಿನ ನಡುವೆ ಕುಳಿತ ಗಣ್ಯರಿಗೆ ಅದು ನಿಜವಾದ ಬೀದಿ. ಪಕ್ಕದಲ್ಲಿ ನೆಲಕ್ಕೆ ಕುಳಿತವರಿಗೆ ಓರೆಯಾದ ಬಟ್ಟೆ. ನಟ ಮೈಮರೆತು ಹಿಂದೆ ಹಿಂದೆ ಸರಿದು ಪರದೆಯ ಹತ್ತಿರ ಹೋದನೋ, ದೂರದ ಮನೆಗಳ ಮುಂದೆ ಮಾಡು ಮುಟ್ಟುವ ರಾಕ್ಷಸನಾಗಿಬಿಡುತ್ತಿದ್ದ.

ಮಡಿಸಿದರೆ ಹೊಳೆಯುವ ದೇವರು

ಇಷ್ಟೆಲ್ಲ ಓದಿದವರಿಗೆ ಒಂದು ಪ್ರಶ್ನೆ ಏಳಬಹುದು. ಹಾಗಾದರೆ ನಮ್ಮ ಹಳಬರಿಗೆ ಉಬ್ಬು-ತಗ್ಗು ಬರೆಯಲು ಬರುತ್ತಿರಲಿಲ್ಲವೇ? ಅರಮನೆಯ ಚಿತ್ರಶಾಲೆಯಲ್ಲಿ ಹಳೆಯ ಮೈಸೂರು ಶೈಲಿಯ ದೇವರ ಚಿತ್ರಗಳ ಮುಂದೆ ನಿಂತವರು ‘ಎಲ್ಲ ಚಪ್ಪಟೆ’ ಎನ್ನುವುದನ್ನು ನಾನೇ ಕೇಳಿದ್ದೇನೆ. ಹಾಗೆ ಹೇಳುವವರು ಆತುರಪಡುತ್ತಿದ್ದಾರೆ.

ಉಬ್ಬು-ತಗ್ಗಿನ ಮಾತು ನಮ್ಮಲ್ಲಿ ಹಳೆಯದು. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ಚಿತ್ರಸೂತ್ರ ಎಂಬ ಭಾಗವಿದೆ. ಅದರಲ್ಲಿ ನೆರಳು ಕೊಡುವುದಕ್ಕೆ ‘ವರ್ತನಾ’ ಎಂದು ಹೆಸರು, ಮೂರು ಬಗೆ. ಎಲೆಯ ನರಗಳಂತೆ ಗೆರೆ ಎಳೆಯುವುದು ಒಂದು, ಬಹಳ ನವಿರಾದ ಗೆರೆಗಳದ್ದು ಇನ್ನೊಂದು, ಚುಕ್ಕೆ ಇಟ್ಟು ಮಾಡುವುದು ಮೂರನೆಯದು. ಚಿತ್ರದಲ್ಲಿ ಯಾರು ಯಾವುದನ್ನು ಮೆಚ್ಚುತ್ತಾರೆ ಎಂದು ಹೇಳುವಾಗ ಈ ಗ್ರಂಥ ವರ್ತನೆಯನ್ನು ಬಲ್ಲವರ ಪಾಲಿಗೆ ಹಾಕುತ್ತದೆ. ಅಜಂತೆಯ ಒಂದನೆಯ ಗುಹೆಯ ಪದ್ಮಪಾಣಿಯನ್ನು ನೋಡಿದರೆ ಇದರ ಫಲ ಕಾಣುತ್ತದೆ. ಮೈಯ ಅಂಚುಗಳಲ್ಲಿ ಬಣ್ಣ ಗಾಢವಾಗಿ ಒಳಗೆ ತಿಳಿಯಾಗುತ್ತದೆ, ಮೂಗಿನ ಮೇಲೆ, ತುಟಿಯ ಮೇಲೆ, ಗಲ್ಲದ ಮೇಲೆ ಬೆಳ್ಳನೆಯ ಹೊಳಪು. ಮೈ ತುಂಬಿಕೊಂಡಿದೆ. ಆದರೆ ನೆಲದ ಮೇಲೆ ನೆರಳಿಲ್ಲ! ಬೆಳಕು ಬಲದಿಂದ ಬಂತೇ, ಎಡದಿಂದ ಬಂತೇ ಎಂದು ಕೇಳಿದರೆ ಉತ್ತರವಿಲ್ಲ. ಅಲ್ಲಿ ಸೂರ್ಯನೂ ಇಲ್ಲ, ದೀಪವೂ ಇಲ್ಲ. ಎತ್ತರವಾದದ್ದು ಹೊಳೆಯುತ್ತದೆ, ತಗ್ಗಾದದ್ದು ಮಾಗುತ್ತದೆ, ಅಷ್ಟೆ. ನಮ್ಮ ಬಾದಾಮಿಯ ಮೂರನೆಯ ಗುಹೆಯಲ್ಲೂ ಚಿತ್ರಗಳಿದ್ದವು. ಗುಹೆಯಲ್ಲಿರುವ ಶಾಸನದ ಕಾಲ ಕ್ರಿ.ಶ. 578. ಇಂದು ಅಲ್ಲಿ ಉಳಿದಿರುವುದು ಅಳಿದ ಬಣ್ಣದ ಕೆಲವು ತುಣುಕುಗಳು ಮಾತ್ರ.

ಮೈಸೂರಿನ ಚಿತ್ರಕಾರರು ಹಿಡಿದದ್ದು ಬೇರೆ ದಾರಿ. ಅವರು ಉಬ್ಬನ್ನು ಬರೆಯಲಿಲ್ಲ, ಮಾಡಿದರು. ಹಲಗೆಗೆ ಬಟ್ಟೆ, ಬಟ್ಟೆಯ ಮೇಲೆ ಕಾಗದ ಅಂಟಿಸಿ, ಹುಣಿಸೆ ಕಡ್ಡಿ ಸುಟ್ಟ ಇದ್ದಿಲಿನಿಂದ ರೇಖೆ ಹಾಕುತ್ತಿದ್ದರು. ದೇವರ ಕಿರೀಟ, ಹಾರ, ಸೀರೆಯ ಅಂಚು, ಸಿಂಹಾಸನದ ಬಳ್ಳಿಗಳ ಮೇಲೆ ಸಫೇದ ಎಂಬ ಬಿಳಿಯ ಪುಡಿ, ಗೋಂದು ಮತ್ತು ಒಂದು ಮರದ ಹಳದಿ ಹಾಲು ಸೇರಿಸಿದ ಸರಿಯನ್ನು ಕುಂಚದ ತುದಿಯಿಂದ ಸಣ್ಣಗೆ ಏರಿಸುತ್ತಿದ್ದರು. ಇದಕ್ಕೆ ಈಗ ಗೆಸ್ಸೋ ಕೆಲಸ ಎನ್ನುತ್ತಾರೆ. ಅದರ ಮೇಲೆ ಅಪ್ಪಟ ಚಿನ್ನದ ರೇಕು. ತಂಜಾವೂರಿನವರು ಇದನ್ನು ದಪ್ಪವಾಗಿ ಏರಿಸಿ ಗಾಜು, ಕಲ್ಲುಗಳನ್ನೂ ಕೂರಿಸುತ್ತಾರೆ. ಮೈಸೂರಿನ ಉಬ್ಬು ಬಹಳ ತೆಳು, ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುವಷ್ಟು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೆಳೆದ ಈ ಕಲೆಗೆ 2005ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ.

ಈಗ ಈ ಚಿತ್ರವನ್ನು ಟ್ಯೂಬ್‌ಲೈಟಿನ ಕೆಳಗೆ, ಗಾಜಿನ ಹಿಂದೆ ಇಟ್ಟು ನೋಡಿದರೆ ಏನಾಗುತ್ತದೆ? ಬೆಳಕು ಎಲ್ಲ ಕಡೆ ಸಮನಾಗಿ ಬಿದ್ದು, ಚಿನ್ನ ಹಳದಿ ಬಣ್ಣದಂತೆ ಕಂಡು, ಉಬ್ಬು ಮಾಯವಾಗುತ್ತದೆ. ಚಪ್ಪಟೆ ಎನಿಸುವುದು ಆಗಲೇ. ಆದರೆ ದೇವರ ಚಿತ್ರ ಇರಬೇಕಾದ ಜಾಗ ದೇವರಮನೆ. ಅಲ್ಲಿ ಬೆಳಕು ಕೆಳಗಿನಿಂದ, ಒಂದೇ ಕಡೆಯಿಂದ, ಅಲುಗಾಡುತ್ತಾ ಬರುತ್ತದೆ. ಎಣ್ಣೆದೀಪದ ಕುಡಿ ಬಾಗಿದಾಗ ಕಿರೀಟದ ಒಂದು ಅಂಚು ಹೊಳೆದು ಇನ್ನೊಂದು ಕಪ್ಪಾಗುತ್ತದೆ. ಮಂಗಳಾರತಿಯ ತಟ್ಟೆ ಸುತ್ತಿದಾಗ ಹಾರದ ಮಣಿಗಳು ಒಂದಾದ ಮೇಲೊಂದು ಹೊತ್ತಿಕೊಳ್ಳುತ್ತವೆ. ನೋಡುವವನು ಒಂದು ಜಾಗದಲ್ಲಿ ನಿಲ್ಲಬೇಕೆಂಬ ಕಟ್ಟಳೆಯೂ ಇಲ್ಲ. ಪ್ರದಕ್ಷಿಣೆ ಬಂದರೂ ಚಿನ್ನ ಅವನ ಜೊತೆ ತಿರುಗುತ್ತದೆ. ಬ್ರೂನೆಲೆಸ್ಕಿ ಆಕಾಶಕ್ಕೆ ಹಚ್ಚಿದ ಬೆಳ್ಳಿಯ ಕೆಲಸವೂ ಇದೇ. ಮೈಸೂರಿನ ಚಿತ್ರಕಾರನಿಗೆ ದೀಪ ಬರೆಯಲು ಬರುತ್ತಿರಲಿಲ್ಲ ಎನ್ನುವುದಕ್ಕಿಂತ, ದೀಪ ಚಿತ್ರದ ಹೊರಗೆ ಉರಿಯುತ್ತದೆ ಎಂದು ಅವನು ಮೊದಲೇ ಲೆಕ್ಕ ಹಾಕಿದ್ದ ಎನ್ನುವುದು ಸರಿ.

ಆ ದೀಪವನ್ನು ಚಿತ್ರದ ಒಳಗೆ ತಂದವರಲ್ಲಿ ದೊಡ್ಡ ಹೆಸರು ರವಿವರ್ಮನದು. 1848ರಲ್ಲಿ ಕಿಳಿಮಾನೂರಿನಲ್ಲಿ ಹುಟ್ಟಿದ ಅವನಿಗೆ ಮೊದಲ ಪಾಠ ಹೇಳಿದ ಸೋದರಮಾವ ರಾಜರಾಜವರ್ಮ ತಂಜಾವೂರು ಶೈಲಿಯ ಚಿತ್ರಕಾರ! ಚಿನ್ನದ ರೇಕಿನ ಗುಣವನ್ನು ಅರಿತ ಮನೆಯಿಂದಲೇ ಅವನು ಹೊರಟ. ತಿರುವನಂತಪುರದ ಅರಮನೆಗೆ 1868ರಲ್ಲಿ ಬಂದ ಥಿಯೋಡರ್ ಜೆನ್ಸನ್ ಎಂಬ ಯುರೋಪಿನ ಚಿತ್ರಕಾರ ತೈಲವರ್ಣ ಬಳಸುವುದನ್ನು ಪಕ್ಕದಲ್ಲಿ ನಿಂತು ನೋಡಿ ಕಲಿತ. ಅವನ ಚಿತ್ರಗಳಲ್ಲಿ ಒಡವೆ ಹೊಳೆಯುವುದು ಚಿನ್ನದಿಂದಲ್ಲ, ಕಂದು ಬಣ್ಣದ ಪಕ್ಕದಲ್ಲಿ ಇಟ್ಟ ಒಂದು ಹಳದಿ ಚುಕ್ಕೆಯಿಂದ. ಸೀರೆಯ ಜರಿಯೂ ಹಾಗೆಯೇ. ನಾಲ್ವಡಿ ಕೃಷ್ಣರಾಜ ಒಡೆಯರು ಅವನ ಕೊನೆಯ ವರ್ಷಗಳಲ್ಲಿ ಒಂಬತ್ತು ಚಿತ್ರಗಳನ್ನು ಬರೆಸಿದರು. ಮೈಸೂರಿನ ಜನ ದೇವರ ಕತೆಗಳಿಗೆ ಹೀಗೆ ರಕ್ತಮಾಂಸ ತುಂಬಿದ್ದನ್ನು ತಮ್ಮ ಊರಿನಲ್ಲೇ ಕಂಡರು.

ಆದರೆ ಊರೂರಿಗೆ ಈ ನೆರಳು-ಬೆಳಕನ್ನು ಮುಟ್ಟಿಸಿದ್ದು ಅರಮನೆಯ ಕ್ಯಾನ್ವಾಸುಗಳಲ್ಲ. 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ. ಕಲ್ಲಚ್ಚಿನ ಬಣ್ಣದ ಲಕ್ಷ್ಮಿ, ಸರಸ್ವತಿಯರು ದೇವರಮನೆಗೆ, ಅಂಗಡಿಯ ಗಲ್ಲದ ಮೇಲಿನ ಗೋಡೆಗೆ, ಕೊನೆಗೆ ಕ್ಯಾಲೆಂಡರಿಗೆ ಬಂದರು. ಕಮಲದ ಮೇಲೆ ನಿಂತ ಲಕ್ಷ್ಮಿಯ ಕೆನ್ನೆಗೆ ದುಂಡು ಬಂತು, ಹಿಂದೆ ಕೊಳ, ಅದರಾಚೆ ದೂರ ಬಂತು.

ಎಲ್ಲರೂ ಒಪ್ಪಲಿಲ್ಲ. ಕಲ್ಕತ್ತೆಯಲ್ಲಿ ಅಬನೀಂದ್ರನಾಥ ಠಾಕೂರರ ಗುಂಪು, ಇದು ಯುರೋಪಿನ ಎರವಲು ಎಂದು ನೆರಳನ್ನು ತಳ್ಳಿಹಾಕಿ ತೆಳುಬಣ್ಣಗಳ ಕಡೆ ಹೊರಟಿತು. ಅವರ ಬಳಿ ಕಲಿತ ನಮ್ಮ ಕೆ. ವೆಂಕಟಪ್ಪ (1886-1965) ಮೈಸೂರಿನ ಅರಮನೆ ಚಿತ್ರಕಾರರ ಮನೆತನದವರು. ಅವರ ಊಟಿಯ ಜಲವರ್ಣಗಳಲ್ಲಿ ಆಳ ಬರುವುದು ಗೆರೆಗಳಿಂದ ಅಲ್ಲ, ಮಂಜಿನಿಂದ. ಹತ್ತಿರದ ಮರ ಗಾಢ, ಅದರಾಚೆಯ ಗುಡ್ಡ ಮಾಸಲು, ಅದಕ್ಕೂ ಆಚೆಯದು ಬರಿಯ ನೀಲಿಯ ಉಸಿರು. ಅದೇ ಮನುಷ್ಯ ಅರಮನೆಗೆ ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪಗಳನ್ನೂ ಮಾಡಿಕೊಟ್ಟರು. ಕೈಯಿಂದ ನಿಜವಾದ ಉಬ್ಬು ಮಾಡಬಲ್ಲವರು ಕಾಗದದ ಮೇಲೆ ಉಬ್ಬಿನ ಮೋಸ ಬೇಡವೆಂದರು. ಹಳದಣಕರ್ ಚಿತ್ರವನ್ನು ವೆಂಕಟಪ್ಪನವರ ಚಿತ್ರಗಳ ಪಕ್ಕದಲ್ಲಿಟ್ಟರೆ ನನ್ನ ಕಣ್ಣು ಮೊದಲು ದೀಪದ ಕಡೆಗೇ ಹೋಗುತ್ತದೆ ಎಂದು ಒಪ್ಪಿಕೊಳ್ಳಬೇಕು. ಹೆಚ್ಚು ಹೊತ್ತು ನಿಲ್ಲುವುದು ಊಟಿಯ ಮಂಜಿನಲ್ಲಿ.

ಇನ್ನು ರವಿವರ್ಮನ ಅಚ್ಚಿನ ಚಿತ್ರಗಳನ್ನು ಕೊಂಡ ಮನೆಗಳಲ್ಲಿ ಏನಾಯಿತು ಎಂಬುದು ಸ್ವಾರಸ್ಯದ ಸಂಗತಿ. ಕೊಂಡವರಲ್ಲಿ ಅನೇಕರಿಗೆ ಬರೆದ ಹೊಳಪು ಸಾಲಲಿಲ್ಲ. ಲಕ್ಷ್ಮಿಯ ಸೀರೆಯ ಆಕಾರಕ್ಕೆ ಸರಿಯಾಗಿ ನಿಜವಾದ ರೇಷ್ಮೆ ತುಂಡು ಕತ್ತರಿಸಿ ಅಂಟಿಸಿದರು, ಅಂಚಿಗೆ ಜರಿ ಹೊಲಿದರು, ಕೊರಳಿಗೆ ಮಣಿ, ಕಿರೀಟಕ್ಕೆ ಮಿಣುಕು ಚಕ್ಕಿಗಳನ್ನು ಕೂರಿಸಿ ಗಾಜು ಹಾಕಿಸಿದರು. ರವಿವರ್ಮ ಅಷ್ಟು ಜತನದಿಂದ ಬರೆದ ನೆರಿಗೆಯ ನೆರಳೆಲ್ಲ ಬಟ್ಟೆಯ ಕೆಳಗೆ ಮುಚ್ಚಿಹೋಯಿತು. ಅಂಥ ಚಿತ್ರಗಳು ಹಳೆಯ ಮನೆಗಳಲ್ಲೂ ಸಂಗ್ರಹಗಳಲ್ಲೂ ಇಂದಿಗೂ ಸಿಗುತ್ತವೆ. ಹಗಲಿನಲ್ಲಿ ನೋಡಿದರೆ ಬೊಂಬೆಯ ಆಟದಂತೆ ಕಾಣುತ್ತದೆ. ಸಂಜೆ ಮುಂದೆ ದೀಪ ಹಚ್ಚಿಟ್ಟಾಗ, ಮುಖ ರವಿವರ್ಮನ ಬೆಳಕಿನಲ್ಲಿ ತಣ್ಣಗಿರುತ್ತದೆ, ಕಿರೀಟ ಮತ್ತು ಸೆರಗು ಮಾತ್ರ ಎದುರಿನ ಕುಡಿಯ ಜೊತೆ ಅಲುಗಾಡುತ್ತವೆ.